ಸುಟ್ಟರೆ ಪಾಪವೇ? ಹೊನ್ನಾವರದ ಸಿಮೆಟರಿಯಲ್ಲಿ ಎದ್ದ ಪ್ರಶ್ನೆ

ಹೋದ ಜುಲೈನಲ್ಲಿ ನಮ್ಮ ದೊಡ್ಡಮ್ಮ ತೀರಿಕೊಂಡಾಗ ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಗುಂಡಿ ತೋಡಲು ಇಳಿದವರು ಹನ್ನೊಂದಕ್ಕೆ ಮುಗಿಸಿದ್ದರು. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪೂಜೆ ಮುಗಿಸಿ ನಾವು ಪೆಟ್ಟಿಗೆ ಹೊತ್ತು ಸಿಮೆಟರಿಗೆ ಬರುವಷ್ಟರಲ್ಲಿ ಗುಂಡಿಯೊಳಗೆ ಮೊಣಕಾಲುದ್ದ ಕೆಂಪು ನೀರು ನಿಂತಿತ್ತು. ಇಬ್ಬರು ಹುಡುಗರು ಒಳಗಿಳಿದು ಬಕೆಟ್ಟಿನಲ್ಲಿ ಮೊಗೆದು ಹಾಕಿದರು. ಮೊಗೆದಷ್ಟೂ ಒಸರುತ್ತಿತ್ತು. ಕಡೆಗೆ ಪಕ್ಕದ ಅಡಿಕೆ ತೋಟದ ಭಟ್ಟರ ಮನೆಯಿಂದ ಪಂಪ್‌ಸೆಟ್ ತಂದು ಅರ್ಧ ಗಂಟೆ ಓಡಿಸಿದೆವು. ಹಗ್ಗದಲ್ಲಿ ಪೆಟ್ಟಿಗೆ ಇಳಿಸಿದಾಗ ತಳದಲ್ಲಿ ಇನ್ನೂ ಉಳಿದಿದ್ದ ನೀರಿಗೆ ಅದು ತಾಗಿದ ಸದ್ದು ಸುತ್ತ ನಿಂತವರಿಗೆಲ್ಲ ಕೇಳಿಸಿತು. ದೊಡ್ಡಮ್ಮನ ಮಗಳು ಕೊಡೆ ಬಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ನನ್ನ ಪಕ್ಕದಲ್ಲಿದ್ದ ತಮ್ಮನ ಮಗ, ಬೆಂಗಳೂರಲ್ಲಿ ಕೆಲಸದಲ್ಲಿರುವವನು, ಮೆಲ್ಲಗೆ ಹೇಳಿದ: ‘ದೊಡ್ಡಪ್ಪ, ಅಜ್ಜಿಯನ್ನ ನೀರಲ್ಲಿ ಇಳಿಸೋದಕ್ಕಿಂತ ಸುಡೋದೇ ವಾಸಿ ಇತ್ತಲ್ವಾ?’ ಮುಂದೆ ನಿಂತಿದ್ದ ಹಿರಿಯರೊಬ್ಬರಿಗೆ ಅದು ಕೇಳಿಸಿತು. ತಿರುಗಿ ನೋಡಿ, ‘ಸುಡೋಕೆ ನಾವೇನು ಹಿಂದೂಗಳಾ? ಸುಟ್ಟರೆ ಪುನರುತ್ಥಾನ ಎಲ್ಲಿಂದ ಬಂತು?’ ಅಂದರು. ಸತ್ತವರು ಕಡೆಯ ದಿನ ದೇಹಸಮೇತ ಎದ್ದು ಬರುತ್ತಾರೆ ಎಂಬ ನಮ್ಮ ನಂಬಿಕೆಯೇ ಪುನರುತ್ಥಾನ. ಮನೆಗೆ ಬಂದು ಚಾ ಕುಡಿಯುವಾಗಲೂ ಅದೇ ಮಾತು ನಡೆಯಿತು. ಮಾತು ಬಿಸಿಯೇರಿತೇ ಹೊರತು ಅಲ್ಲಿದ್ದ ಮೂವತ್ತು ಜನರಲ್ಲಿ ಒಬ್ಬರಿಗೂ ಪೋಪರ ಕೆಳಗಿನ ನಮ್ಮ ಕಥೋಲಿಕ ಧರ್ಮಸಭೆ ಇವತ್ತು ಏನು ಹೇಳುತ್ತದೆ ಎಂಬುದು ಸರಿಯಾಗಿ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಆಮೇಲೆ ಓದಿದೆ, ತಿಳಿದವರನ್ನು ಕೇಳಿದೆ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಹಳಿಯಾಳದಲ್ಲೂ ಸಾವಿನ ಮನೆಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಏಳುವಂಥದ್ದು. ಆದ್ದರಿಂದ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಮೊದಲು ನೇರ ಉತ್ತರ. ಕಥೋಲಿಕರಿಗೆ ಶವದಹನ ಪಾಪವಲ್ಲ. 1963ರ ಜುಲೈ 5ರಂದು ಪೋಪರ ಆಡಳಿತ ಕೇಂದ್ರ ವ್ಯಾಟಿಕನ್ ಹೊರಡಿಸಿದ ಸೂಚನೆಯೊಂದು ಹಳೆಯ ನಿಷೇಧವನ್ನು ಸಡಿಲಿಸಿತು. ಈಗ ಜಾರಿಯಲ್ಲಿರುವ 1983ರ ಧರ್ಮಸಭಾ ಕಾನೂನು ಸಂಹಿತೆಯ 1176ನೇ ವಿಧಿ ಎರಡು ಮಾತು ಹೇಳುತ್ತದೆ. ಹೂಳುವ ಪವಿತ್ರ ಪದ್ಧತಿಯನ್ನು ಉಳಿಸಿಕೊಳ್ಳಿ ಎಂದು ಧರ್ಮಸಭೆ ಮನಸಾರೆ ಕೇಳಿಕೊಳ್ಳುತ್ತದೆ ಎಂಬುದು ಒಂದು. ಸುಡುವುದನ್ನು ಅದು ನಿಷೇಧಿಸುವುದಿಲ್ಲ, ಕ್ರೈಸ್ತ ಬೋಧನೆಗೆ ವಿರುದ್ಧವಾದ ಕಾರಣಕ್ಕೆ ಅದನ್ನು ಆರಿಸಿಕೊಂಡಿದ್ದರೆ ಮಾತ್ರ ಒಪ್ಪುವುದಿಲ್ಲ ಎಂಬುದು ಇನ್ನೊಂದು. ಅಂದರೆ ‘ಪುನರುತ್ಥಾನವೆಲ್ಲ ಸುಳ್ಳು, ಅದನ್ನು ತೋರಿಸಲಿಕ್ಕೇ ನನ್ನನ್ನು ಸುಡಿ’ ಎಂದು ಹಟ ಹಿಡಿದವರ ವಿಷಯ ಬೇರೆ. ಜಾಗವಿಲ್ಲ, ಖರ್ಚು ತೂಗುವುದಿಲ್ಲ, ದೂರದೇಶದಲ್ಲಿ ಸಾವು ಬಂತು ಎಂಬ ಕಾರಣಗಳಿಗೆ ತಡೆಯಿಲ್ಲ.

ಹಾಗಾದರೆ ಆ ಹಿರಿಯರು ಸುಳ್ಳು ಹೇಳಿದರೇ? ಇಲ್ಲ. ಅವರು ಬಾಲ್ಯದಲ್ಲಿ ಕಲಿತದ್ದನ್ನೇ ಹೇಳಿದರು. 1917ರ ಸಂಹಿತೆಯಲ್ಲಿ ನಿಷೇಧ ಸ್ಪಷ್ಟವಾಗಿತ್ತು. ತನ್ನನ್ನು ಸುಡಬೇಕೆಂದು ಹೇಳಿಟ್ಟು, ಪಶ್ಚಾತ್ತಾಪವಿಲ್ಲದೆ ಸತ್ತವನಿಗೆ ಇಗರ್ಜಿಯ ಅಂತ್ಯಕ್ರಿಯೆಯೇ ಸಿಗುತ್ತಿರಲಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಸ್ವಂತ ಬಿಷಪ್ಪರ ಆಡಳಿತ, ಅಂದರೆ ಕಾರವಾರ ಧರ್ಮಪ್ರಾಂತ್ಯ, ಬಂದದ್ದೇ 1976ರಲ್ಲಿ, ಅದಕ್ಕೆ ಮೊದಲು ನಾವು ಬೆಳಗಾವಿಗೆ ಸೇರಿದ್ದೆವು. 1963ರ ಸಡಿಲಿಕೆ ನಮ್ಮ ಹಳ್ಳಿಯ ಇಗರ್ಜಿಗಳಲ್ಲಿ ಯಾರೂ ಎದ್ದು ನಿಂತು ಓದಿ ಹೇಳಿದ ಸುದ್ದಿಯಲ್ಲ. ಹೇಳಬೇಕಾದ ಅಗತ್ಯವೂ ಬಿದ್ದಿರಲಿಲ್ಲ, ಎಲ್ಲರೂ ಹೂಳುತ್ತಲೇ ಇದ್ದರು.

ನಿಷೇಧ ಬಂದದ್ದು ಯಾಕೆ ಎಂಬುದೇ ಸ್ವಾರಸ್ಯದ ಭಾಗ. ಬೈಬಲ್ಲಿನಲ್ಲಿ ‘ಹೆಣ ಸುಡಬಾರದು’ ಎಂಬ ಆಜ್ಞೆ ಇಲ್ಲ. ಅಬ್ರಹಾಮನಿಂದ ಯೇಸುವಿನವರೆಗೆ ಎಲ್ಲರನ್ನೂ ಗವಿಯಲ್ಲೋ ನೆಲದಲ್ಲೋ ಇಟ್ಟದ್ದು ನಿಜ. ಆದರೆ ಸಮುವೇಲನ ಮೊದಲ ಪುಸ್ತಕದ ಕೊನೆಯಲ್ಲಿ ಯಾಬೇಷಿನ ಜನ ಅರಸ ಸೌಲನ ಮತ್ತು ಅವನ ಮಕ್ಕಳ ಶವಗಳನ್ನು ಶತ್ರುಗಳ ಗೋಡೆಯಿಂದ ಇಳಿಸಿ ತಂದು, ಸುಟ್ಟು, ಎಲುಬುಗಳನ್ನು ಮರದ ಕೆಳಗೆ ಹೂಳುತ್ತಾರೆ. ಅದನ್ನು ಪಾಪವೆಂದು ಅಲ್ಲಿ ಯಾರೂ ಕರೆಯುವುದಿಲ್ಲ. ಸತ್ತವರ ಮಾನ ಕಾಯ್ದವರೆಂದೇ ಅವರ ಹೆಸರು ಉಳಿದಿದೆ.

ಮೊದಲ ಶತಮಾನಗಳ ಕ್ರೈಸ್ತರು ರೋಮನ್ನರ ನಡುವೆ ಬದುಕಿದವರು. ರೋಮನ್ನರಲ್ಲಿ ಸುಡುವುದು ಆಗ ಸಾಮಾನ್ಯ. ಕ್ರಿ.ಶ. 177ರಲ್ಲಿ ಈಗಿನ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಕ್ರೈಸ್ತರನ್ನು ಕೊಂದವರು ಅವರ ಶವಗಳನ್ನು ಆರು ದಿನ ಬಯಲಲ್ಲಿ ಬಿಟ್ಟು, ಆಮೇಲೆ ಸುಟ್ಟು, ಬೂದಿಯನ್ನು ರೋನ್ ನದಿಗೆ ಗುಡಿಸಿ ಹಾಕಿದರು. ಇನ್ನು ಇವರ ಪುನರುತ್ಥಾನ ಹೇಗಾಗುತ್ತದೋ ನೋಡೋಣ ಎಂಬುದು ಅವರ ಸವಾಲಾಗಿತ್ತು. ಆ ಸವಾಲಿಗೆ ಕ್ರೈಸ್ತರು ಹೆದರಲಿಲ್ಲ. ಸ್ವಲ್ಪ ಕಾಲದ ನಂತರ ಮಿನೂಸಿಯಸ್ ಫೆಲಿಕ್ಸ್ ಎಂಬ ಲೇಖಕ ಬರೆದ: ಯಾವ ರೀತಿಯ ಅಂತ್ಯಕ್ರಿಯೆಯಿಂದಲೂ ನಮಗೆ ನಷ್ಟವಾಗುವ ಭಯವಿಲ್ಲ, ಆದರೂ ಹೂಳುವ ಹಳೆಯ, ಮೇಲಾದ ರೂಢಿಯನ್ನು ಇಟ್ಟುಕೊಂಡಿದ್ದೇವೆ. ಸಂತ ಅಗಸ್ಟೀನ್ ಇನ್ನೂ ಮುಂದೆ ಹೋಗಿ, ಅಂತ್ಯಕ್ರಿಯೆಯ ಏರ್ಪಾಡೆಲ್ಲ ಸತ್ತವರಿಗೆ ಉಪಕಾರ ಅನ್ನುವುದಕ್ಕಿಂತ ಬದುಕಿರುವವರಿಗೆ ಸಮಾಧಾನ ಎಂದ. ಜೊತೆಗೇ, ಅದಕ್ಕಾಗಿ ಶವವನ್ನು ಅಸಡ್ಡೆ ಮಾಡಬಾರದು ಎಂದೂ ಹೇಳಿದ. ತಂದೆಯ ಬಟ್ಟೆ, ಉಂಗುರಗಳನ್ನೇ ಮಕ್ಕಳು ಪ್ರೀತಿಯಿಂದ ಇಟ್ಟುಕೊಳ್ಳುವಾಗ ದೇಹ ಅದಕ್ಕಿಂತ ಹತ್ತಿರದ್ದಲ್ಲವೇ ಎಂಬುದು ಅವನ ಪ್ರಶ್ನೆ. ಇಷ್ಟು ವರ್ಷಗಳಾದ ಮೇಲೂ ಇದಕ್ಕಿಂತ ಒಳ್ಳೆಯ ಮಾತು ನನಗೆ ಈ ವಿಷಯದಲ್ಲಿ ಸಿಕ್ಕಿಲ್ಲ.

ಪುನರುತ್ಥಾನಕ್ಕೆ ಇಡೀ ದೇಹ ಬೇಕು ಎಂಬ ನಂಬಿಕೆ ಜನರಲ್ಲಿ ಬೇರೂರಿದೆಯೇ ಹೊರತು ಧರ್ಮಸಭೆಯ ಬೋಧನೆ ಹಾಗಿಲ್ಲ. ಹಾಗಿದ್ದರೆ ಬಲೆ ಹಾಕಲು ಹೋಗಿ ಮರಳದ ನಮ್ಮ ಮೀನುಗಾರರ ಗತಿಯೇನು? ಸಮುದ್ರಕ್ಕೆ ಹೋದವರು ಸಿಗದಿದ್ದರೂ ಅವರ ಹೆಸರಲ್ಲಿ ಪೂಜೆ ಇಡುತ್ತೇವೆ, ಅವರೂ ಏಳುತ್ತಾರೆಂದೇ ನಂಬುತ್ತೇವೆ. ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಬೀಜದ ಮಾತು ಎತ್ತುತ್ತಾನೆ. ಬಿತ್ತಿದ್ದು ಬರಿಯ ಕಾಳು, ಎದ್ದು ಬರುವುದು ಬೇರೆಯೇ ರೂಪ. ಮಳೆ ಬೀಳುತ್ತಿದ್ದಂತೆ ಭತ್ತದ ಅಗೆ ಹಾಕುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಕಿದ ಕಾಳೇ ತೆನೆಯಾಗಿ ಮೇಲೆ ಬರುವುದಿಲ್ಲ. ಹಾಗಂತ ತೆನೆಗೂ ಆ ಕಾಳಿಗೂ ಸಂಬಂಧವಿಲ್ಲ ಎಂದು ಯಾವ ರೈತನೂ ಅನ್ನುವುದಿಲ್ಲ.

ಮತ್ತೆ ನಿಷೇಧ ಯಾವಾಗ ಗಟ್ಟಿಯಾಯಿತು? ಎಂಟನೇ ಶತಮಾನದಲ್ಲಿ ಪಶ್ಚಿಮ ಯುರೋಪನ್ನು ಆಳಿದ ಕ್ರೈಸ್ತ ದೊರೆ ಶಾರ್ಲಮೇನ್ ತಾನು ಗೆದ್ದ ಸ್ಯಾಕ್ಸನ್ ಎಂಬ ಜರ್ಮನ್ ಬುಡಕಟ್ಟಿನವರಲ್ಲಿ ಹೆಣ ಸುಟ್ಟವರಿಗೆ ಮರಣದಂಡನೆ ಎಂದು ಕಾನೂನು ಮಾಡಿದ. ಅವನಿಗೆ ಸುಡುವುದೆಂದರೆ ಹಳೆಯ ಧರ್ಮಕ್ಕೆ ಮರಳಿದ ಗುರುತು. ಆಮೇಲೆ ಯುರೋಪಿನಲ್ಲಿ ಸಾವಿರ ವರ್ಷ ಈ ಪ್ರಶ್ನೆಯೇ ಏಳಲಿಲ್ಲ. 19ನೇ ಶತಮಾನದ ಇಟಲಿಯಲ್ಲಿ ಪಾದ್ರಿಗಳ ಹಿಡಿತದ ವಿರುದ್ಧ ನಿಂತವರು, ಅವರಲ್ಲೂ ಫ್ರೀಮೇಸನ್ ಎಂಬ ಗುಪ್ತ ಸಂಘದವರು, ಶವದಹನವನ್ನು ಒಂದು ಬಾವುಟದ ಹಾಗೆ ಎತ್ತಿ ಹಿಡಿದರು. 1876ರಲ್ಲಿ ಮಿಲಾನಿನಲ್ಲಿ ದಹನಾಗಾರ ಬಂತು. ಹತ್ತು ವರ್ಷದ ನಂತರ, 1886ರಲ್ಲಿ, 13ನೇ ಲಿಯೋ ಪೋಪ್ ಆಗಿದ್ದಾಗ ರೋಮ್ ನಿಷೇಧ ಹೇರಿತು. ಅಂದರೆ ರೋಮ್ ತಡೆಯಲು ಹೊರಟದ್ದು ಬೆಂಕಿಯನ್ನಲ್ಲ. ಆ ಬೆಂಕಿಯ ಮೂಲಕ ಜನ ಹೇಳುತ್ತಿದ್ದ ಮಾತನ್ನು. ಆ ಜಗಳ ಆರಿದ ಮೇಲೆ 1963ರಲ್ಲಿ ನಿಷೇಧವೂ ಸಡಿಲವಾಯಿತು. 1969ರ ಹೊಸ ಅಂತ್ಯಕ್ರಿಯಾ ವಿಧಿಯಲ್ಲಿ ಅಗತ್ಯ ಬಿದ್ದರೆ ದಹನಾಗಾರದಲ್ಲೇ ಪ್ರಾರ್ಥನೆ ನಡೆಸಲೂ ದಾರಿ ಮಾಡಲಾಯಿತು.

ಇತರ ಕ್ರೈಸ್ತ ಸಭೆಗಳ ಮಾತು ಚಿಕ್ಕದು. ಪೂರ್ವ ಯುರೋಪಿನ ಕಡೆ ಹೆಚ್ಚಾಗಿರುವ ಆರ್ಥೊಡಾಕ್ಸ್ ಸಭೆಗಳು ಇವತ್ತಿಗೂ ಸಾಮಾನ್ಯವಾಗಿ ದಹನವನ್ನು ಒಪ್ಪುವುದಿಲ್ಲ. ಇಂಗ್ಲೆಂಡಿನ ಆಂಗ್ಲಿಕನ್ನರು ಬಹಳ ಹಿಂದೆಯೇ ಒಪ್ಪಿಕೊಂಡರು. 1944ರಲ್ಲಿ ಅವರ ಅತಿ ಹಿರಿಯ ಧರ್ಮಗುರು, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ವಿಲಿಯಂ ಟೆಂಪಲ್ ಅವರನ್ನೇ ಸುಡಲಾಯಿತು. ಹೆಚ್ಚಿನ ಪ್ರಾಟೆಸ್ಟೆಂಟ್ ಸಭೆಗಳು ಇದನ್ನು ಕುಟುಂಬದ ನಿರ್ಧಾರಕ್ಕೆ ಬಿಡುತ್ತವೆ.

ಇನ್ನು ‘ನಾವೇನು ಹಿಂದೂಗಳಾ’ ಎಂಬ ಮಾತು. ನಮ್ಮ ಕರಾವಳಿಯಲ್ಲಿ ಪುನರುತ್ಥಾನದ ವಾದಕ್ಕಿಂತ ಇದು ಆಳವಾಗಿ ಕೂತಿದೆ ಎಂಬುದು ನನ್ನ ಅನಿಸಿಕೆ. ಗೋವೆಯ ಕಡೆಯಿಂದ ತಲೆಮಾರುಗಳ ಹಿಂದೆ ಬಂದು ನೆಲೆಸಿದ ಕೊಂಕಣಿ ಕ್ರೈಸ್ತರು ನಾವು. ಊಟ, ಉಡುಗೆ, ಮಾತು, ಕೃಷಿ ಎಲ್ಲದರಲ್ಲೂ ನೆರೆಯವರ ಹಾಗೇ ಬದುಕಿದವರು. ಕಡೆಗೆ ಬೇರೆಯಾಗಿ ಉಳಿದದ್ದು ಶಿಲುಬೆಯ ಕೆಳಗಿನ ಆ ಆರಡಿ ಮಣ್ಣು. ಅದನ್ನೂ ಬಿಟ್ಟರೆ ನಾವು ಯಾರು ಎಂಬ ಹೆದರಿಕೆ ಆ ಹಿರಿಯರ ಸಿಟ್ಟಿನ ಹಿಂದಿತ್ತು. ಅದನ್ನು ಹಗುರವಾಗಿ ಕಾಣಲು ನನ್ನಿಂದಾಗದು. ಆದರೆ ಲೆಕ್ಕ ಅವರು ಎಣಿಸಿದಷ್ಟು ಸರಳವಿಲ್ಲ. ಹಳಿಯಾಳ, ಮುಂಡಗೋಡ ಕಡೆಯ ಲಿಂಗಾಯತರು ತಮ್ಮವರನ್ನು ಮಣ್ಣಿಗೇ ಇಡುತ್ತಾರೆ. ಸನ್ಯಾಸಿಗಳಿಗೆ ಸಮಾಧಿ. ಎಳೆಯ ಕೂಸು ಹೋದರೆ ಸುಡುವ ಮನೆತನಗಳೂ ಹೂಳುತ್ತವೆ. ಮಣ್ಣು ನಮ್ಮೊಬ್ಬರದೂ ಅಲ್ಲ, ಬೆಂಕಿ ಅವರೊಬ್ಬರದೂ ಅಲ್ಲ.

ಈಗ ಜಾಗದ ಪ್ರಶ್ನೆಗೆ ಬರುತ್ತೇನೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುವಿನ ಪಟ್ಟಿಯಲ್ಲಿ ರೈಲು, ನಾಲ್ಕು ಪಥದ ಹೆದ್ದಾರಿ 66. ಇಗರ್ಜಿಗೆ ಅಂಟಿಕೊಂಡ ಹಳೆಯ ಸಿಮೆಟರಿಗಳು ಬೆಳೆಯಲು ಎಡೆಯಿಲ್ಲ. ಹಾಗಿದ್ದೂ ಇಷ್ಟು ತಲೆಮಾರು ಅದೇ ಜಾಗ ಹೇಗೆ ಸಾಕಾಯಿತು? ಒಂದೇ ಗುಂಡಿಯನ್ನು ಮತ್ತೆ ಮತ್ತೆ ಬಳಸಿದ್ದರಿಂದ. ನಾನು ಹೈಸ್ಕೂಲಿನಲ್ಲಿದ್ದಾಗ ಅಜ್ಜಿಗಾಗಿ ಅಜ್ಜನ ಗುಂಡಿ ತೆರೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ತೋಡುತ್ತಿದ್ದವರು ಪಿಕಾಸು ಪಕ್ಕಕ್ಕಿಟ್ಟು ಕೈಯಿಂದ ಮಣ್ಣು ಸರಿಸಿದರು. ಪೆಟ್ಟಿಗೆಯ ಹಲಗೆ ಪುಡಿಯಾಗಿತ್ತು. ಎಲುಬುಗಳ ಜೊತೆ ಕಪ್ಪಾದ ಜಪಸರದ ಹತ್ತಾರು ಮಣಿ ಸಿಕ್ಕಿದವು. ಎಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಕಟ್ಟಿ ಗುಂಡಿಯ ತಲೆಯ ಕಡೆ ಇಟ್ಟು, ಅದರ ಪಕ್ಕದಲ್ಲೇ ಅಜ್ಜಿಯ ಪೆಟ್ಟಿಗೆ ಇಳಿಸಿದರು. ಅಪ್ಪ ಆ ಗಂಟನ್ನು ಒಂದು ಕ್ಷಣ ಎದೆಗೆ ಹಿಡಿದುಕೊಂಡರು. ನನಗೆ ಭಯವಾಗಲಿಲ್ಲ. ಗೋವೆಯಲ್ಲಿ, ಮುಂಬಯಿಯಲ್ಲಿ ಕೆಲವೇ ವರ್ಷಗಳಲ್ಲಿ ಗುಂಡಿ ತೆರೆದು, ಎಲುಬನ್ನು ಗೋಡೆಯ ಗೂಡಿಗೋ ಎಲ್ಲರಿಗೂ ಸೇರಿದ ಬಾವಿಯಂಥ ಹೊಂಡಕ್ಕೋ ಸೇರಿಸುವ ಪದ್ಧತಿ ಇವತ್ತಿಗೂ ಇದೆ.

ಈ ಹಂಚಿಕೊಳ್ಳುವ ಪದ್ಧತಿಗೆ ಪೆಟ್ಟು ಕೊಟ್ಟದ್ದು ಗ್ರಾನೈಟು. ಗಲ್ಫಿನ ದುಡ್ಡು ಬಂದ ಮೇಲೆ ಕಾಯಂ ಸಮಾಧಿಗಳು ಎದ್ದವು. ಸಿಮೆಂಟಿನ ಕಟ್ಟೆ, ಮೇಲೆ ಕಪ್ಪು ಕಲ್ಲು, ಸುತ್ತ ಸರಪಳಿ. ಒಂದು ಮನೆಯವರ ಒಬ್ಬರಿಗೇ ಅಷ್ಟು ನೆಲ ಶಾಶ್ವತವಾಗಿ ಮೀಸಲು. ಕಟ್ಟಿಸಿದ ಮಕ್ಕಳ ಪ್ರೀತಿಯನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಬಡ ಮೀನುಗಾರನ ಶವ ನೀರು ನಿಲ್ಲುವ ತಗ್ಗಿನ ಮೂಲೆಗೆ ಹೋಗುವುದಕ್ಕೆ ಆ ಕಲ್ಲುಗಳೂ ಕಾರಣ. ದೊಡ್ಡಮ್ಮನ ಗುಂಡಿ ಬಂದದ್ದು ಅಂಥ ಮೂಲೆಯಲ್ಲೇ. ಜಾಗ ಸಾಲದು ಎನ್ನುವ ಮೊದಲು ಕಾಯಂ ಸಮಾಧಿ ಕೊಡುವುದನ್ನು ನಿಲ್ಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸಾವಿನಲ್ಲಾದರೂ ಒಂದೇ ಅಳತೆ ಇರಲಿ.

ಅಷ್ಟಾದರೂ ಕೆಲವು ಕಡೆ ಸುಡುವುದು ಅನಿವಾರ್ಯವಾಗಬಹುದು. ಇದಕ್ಕೆ ನಮ್ಮಂಥದ್ದೇ ಕರಾವಳಿಯ ಉದಾಹರಣೆ ಇದೆ. 2020ರ ಜುಲೈ ಕೊನೆಯಲ್ಲಿ ಕೇರಳದ ಆಲಪ್ಪುಳ ಲ್ಯಾಟಿನ್ ಧರ್ಮಪ್ರಾಂತ್ಯದಲ್ಲಿ ಕೋವಿಡ್‌ನಿಂದ ಸತ್ತ ಇಬ್ಬರನ್ನು ಇಗರ್ಜಿಯ ಸಿಮೆಟರಿಯೊಳಗೇ ಸುಟ್ಟು, ಬೂದಿಯನ್ನು ಅಲ್ಲೇ ಹೂಳಲಾಯಿತು. ಕೋವಿಡ್ ನಿಯಮದ ಪ್ರಕಾರ ಬಹಳ ಆಳದ ಗುಂಡಿ ಬೇಕಿತ್ತು, ಆ ಮರಳು ನೆಲದಲ್ಲಿ ಕೆಲವೇ ಅಡಿಗೆ ನೀರು. ಬಿಷಪ್ಪರೇ ಮುಂದೆ ನಿಂತು ಜನರಿಗೆ ತಿಳಿಹೇಳಿ ದಾರಿ ಮಾಡಿದರು. ಗಮನಿಸಬೇಕಾದ್ದು ಒಂದು: ಸುಟ್ಟದ್ದೂ ಸಿಮೆಟರಿಯಲ್ಲಿ, ಬೂದಿ ಉಳಿದದ್ದೂ ಅಲ್ಲೇ. ಸತ್ತವರು ತಮ್ಮವರ ನಡುವೆಯೇ ಇದ್ದಾರೆ.

ಇದು ಸ್ವಂತ ಮನಸ್ಸಿನಿಂದ ಆರಿಸಿದ ಬೆಂಕಿ. ಬಲವಂತದ ಬೆಂಕಿ ಬೇರೆ. 2020ರ ಮಾರ್ಚ್ 30ರಂದು ಮುಂಬಯಿ ಮಹಾನಗರಪಾಲಿಕೆ, ಕೋವಿಡ್‌ನಿಂದ ಸತ್ತವರು ಯಾವ ಧರ್ಮದವರಾದರೂ ಸುಡಲೇಬೇಕು ಎಂದು ಸುತ್ತೋಲೆ ಹೊರಡಿಸಿ ಅದೇ ದಿನ ಹಿಂತೆಗೆದುಕೊಂಡಿತು. ಮರುತಿಂಗಳು ಚೆನ್ನೈಯಲ್ಲಿ ಕೋವಿಡ್‌ನಿಂದ ತೀರಿಕೊಂಡ ಕ್ರೈಸ್ತ ವೈದ್ಯರೊಬ್ಬರನ್ನು ಹೂಳಲು ಹೋದವರ ಮೇಲೆ ಗುಂಪು ಕಲ್ಲು ತೂರಿತು. 2025ರ ಜನವರಿಯಲ್ಲಿ ಛತ್ತೀಸಗಢದ ಬಸ್ತರಿನ ಪಾಸ್ಟರ್ ಒಬ್ಬರ ಶವ ಹುಟ್ಟೂರಲ್ಲಿ ಹೂಳಲು ಬಿಡದ ಕಾರಣ ಸುಮಾರು ಮೂರು ವಾರ ಶವಾಗಾರದಲ್ಲಿತ್ತು. ಮಗ ಸುಪ್ರೀಂ ಕೋರ್ಟಿನವರೆಗೆ ಹೋದರು. ಕುಟುಂಬದ ಸ್ವಂತ ಜಮೀನಿನಲ್ಲಿ ಹೂಳಲಿ ಎಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ, ಗೊತ್ತುಪಡಿಸಿದ ಜಾಗದಲ್ಲೇ ಆಗಲಿ ಎಂದು ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಹೇಳಿ, ತೀರ್ಪು ಎರಡಾಯಿತು. ಶವ ಇನ್ನೂ ಕಾಯಬಾರದೆಂದು ಕಡೆಗೆ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕ್ರೈಸ್ತ ಸ್ಮಶಾನದಲ್ಲಿ ಹೂಳಲು ಆದೇಶವಾಯಿತು. ನಮ್ಮ ಕರಾವಳಿಯಲ್ಲಿ ಭಟ್ಟರ ಮನೆಯ ಪಂಪು ಕೇಳುವ ಮೊದಲೇ ಬರುತ್ತದೆ, ಅದಕ್ಕೆ ನಾನು ಋಣಿ. ಆದರೆ ‘ಸುಡುವುದಕ್ಕೆ ಪೋಪರೇ ಒಪ್ಪಿದ್ದಾರಲ್ಲ, ಮತ್ತೆ ನಿಮಗೆ ಜಾಗ ಯಾಕೆ’ ಎಂದು ನಾಳೆ ಯಾರಾದರೂ ಕೇಳಿದರೆ ಉತ್ತರ ನಮ್ಮ ಬಳಿ ಇರಬೇಕು. ಧರ್ಮಸಭೆ ಕೊಟ್ಟದ್ದು ಅನುಮತಿ. ಅದರ ಮೊದಲ ಆಯ್ಕೆ ಇವತ್ತಿಗೂ ಮಣ್ಣೇ. ಸುಟ್ಟರೂ ಬೂದಿಗೆ ಜಾಗ ಬೇಕೇ ಬೇಕು.

ಈ ಕೊನೆಯ ಮಾತು ನಮ್ಮವರಿಗೆ ಅತಿ ಕಡಿಮೆ ಗೊತ್ತಿರುವಂಥದ್ದು. 2016ರ ಅಕ್ಟೋಬರಿನಲ್ಲಿ ವ್ಯಾಟಿಕನ್ ಪ್ರಕಟಿಸಿದ ಸೂಚನೆಯ ಪ್ರಕಾರ ಬೂದಿಯನ್ನು ಸಿಮೆಟರಿಯಲ್ಲೋ ಅದಕ್ಕೆಂದೇ ಮೀಸಲಾದ ಪವಿತ್ರ ಸ್ಥಳದಲ್ಲೋ ಇಡಬೇಕು. ಗಾಳಿಗೆ, ನೀರಿಗೆ ಚೆಲ್ಲಬಾರದು. ಮಕ್ಕಳು ಪಾಲು ಮಾಡಿಕೊಳ್ಳಬಾರದು. ಲಾಕೆಟ್ಟು, ಆಭರಣ ಮಾಡಿಸಬಾರದು. ತೀರಾ ವಿಶೇಷ ಸಂದರ್ಭ ಬಿಟ್ಟರೆ ಮನೆಯಲ್ಲಿ ಇಟ್ಟುಕೊಳ್ಳಬಾರದು. 2023ರ ಡಿಸೆಂಬರಿನಲ್ಲಿ ಇದು ಕೊಂಚ ಸಡಿಲವಾಯಿತು. ಹಲವರ ಬೂದಿಯನ್ನು ಒಂದೇ ಪವಿತ್ರ ಸ್ಥಳದಲ್ಲಿ ಕೂಡಿಸಿಡಬಹುದು, ಆದರೆ ಪ್ರತಿಯೊಬ್ಬರ ಹೆಸರು ಅಲ್ಲಿ ಉಳಿಯಬೇಕು. ಸತ್ತವರಿಗೆ ಪ್ರಿಯವಾಗಿದ್ದ ಸ್ಥಳದಲ್ಲಿ ತೀರಾ ಸ್ವಲ್ಪ ಭಾಗ ಇಡಲು ಕುಟುಂಬ ಕೇಳಿದರೆ ಧರ್ಮಸಭೆಯ ಅಧಿಕಾರಿಗಳು ಪರಿಶೀಲಿಸಬಹುದು.

ಎರಡು ವರ್ಷದ ಹಿಂದೆ ಆಸ್ಟ್ರೇಲಿಯಾದಲ್ಲಿ ತೀರಿಕೊಂಡ ನಮ್ಮ ಸೋದರತ್ತೆಯ ಮಗನ ಬೂದಿಯನ್ನು ಅವನ ಹೆಂಡತಿ ಕೈಚೀಲದಲ್ಲಿಟ್ಟುಕೊಂಡು ವಿಮಾನದಲ್ಲಿ ತಂದಳು. ಎರಡು ಮೂರು ಕಿಲೋ ತೂಕದ ಪೆಟ್ಟಿಗೆ. ಹಜಾರದ ಮೇಜಿನ ಮೇಲೆ ಅದನ್ನಿಟ್ಟಾಗ ಸೋದರತ್ತೆ ಹತ್ತಿರ ಬರಲು ಬಹಳ ಹೊತ್ತು ತೆಗೆದುಕೊಂಡರು. ಅವನಿಗೆ ಸಮುದ್ರವೆಂದರೆ ಪ್ರಾಣ, ಕಾಸರಕೋಡಿನ ಕಡಲಲ್ಲಿ ಬಿಟ್ಟುಬಿಡೋಣ ಎಂದ ಒಬ್ಬ ತಮ್ಮ. ಪಕ್ಕದ ಗೋಕರ್ಣಕ್ಕೆ ಎಲ್ಲೆಲ್ಲಿಂದಲೋ ಅಸ್ಥಿ ತರುವುದನ್ನು ನೋಡುತ್ತ ಬೆಳೆದ ನಮಗೆ ಅದರಲ್ಲಿ ತಪ್ಪೂ ಕಾಣಲಿಲ್ಲ. ಬೇಡವೆಂದದ್ದು ಸೋದರತ್ತೆ. ‘ನವೆಂಬರ್ ಎರಡಕ್ಕೆ ನಾನು ಮೊಂಬತ್ತಿ ಎಲ್ಲಿ ಹಚ್ಚಲಿ?’ ಎಂದರು. ಅದು ನಾವು ಸಮಾಧಿಗಳಿಗೆ ಹೋಗಿ ಸತ್ತವರನ್ನೆಲ್ಲ ನೆನೆಯುವ ದಿನ. ಚೆಲ್ಲಿದರೆ ಸತ್ತವನು ಪ್ರಕೃತಿಯಲ್ಲಿ ಕರಗಿ ಇಲ್ಲವಾದ ಎಂಬ ಅರ್ಥ ಬಂದೀತು ಎಂಬುದು ವ್ಯಾಟಿಕನ್ ಕೊಡುವ ಕಾರಣ. ನನಗೆ ಆ ತಾಯಿಯ ಪ್ರಶ್ನೆಯೇ ಹೆಚ್ಚು ಮುಟ್ಟಿತು. ಎರಡೂ ಹೇಳುವುದು ಒಂದನ್ನೇ: ಸತ್ತವರಿಗೆ ಒಂದು ಜಾಗ, ಒಂದು ಹೆಸರು ಇರಬೇಕು, ಹೋಗಿ ನಿಲ್ಲಲು ಯಾರಿಗೂ ಅಡ್ಡಿ ಇರಬಾರದು. ಮಣ್ಣೋ ಬೆಂಕಿಯೋ ಎಂಬ ಜಗಳದಲ್ಲಿ ನಾವು ಮರೆಯುವುದು ಇದನ್ನೇ. ಸೋದರತ್ತೆಯ ಗಂಡನ ಸಮಾಧಿಯ ಕಾಲ ಕಡೆ ಒಂದೂವರೆ ಅಡಿ ಅಗೆದು ಪೆಟ್ಟಿಗೆ ಇಟ್ಟೆವು. ಫಾದರ್ ಪೂರ್ತಿ ಪ್ರಾರ್ಥನೆ ಓದಿದರು, ನಾವೆಲ್ಲ ಮುಷ್ಟಿ ಮಣ್ಣು ಹಾಕಿದೆವು.

ಊರಿನಲ್ಲೇ ಸುಡುವುದಾದರೆ ಕೆಲಸ ಇಷ್ಟು ಸುಲಭವಿಲ್ಲ. ನಮ್ಮ ಹಳ್ಳಿಗಳಲ್ಲಿ ಸೌದೆಯ ಚಿತೆಯೇ ರೂಢಿ, ಆ ಸ್ಮಶಾನಗಳು ಆಯಾ ಸಮುದಾಯದವರದು. ಮೊದಲೇ ಕೇಳಿ ಒಪ್ಪಿಗೆ ಪಡೆಯಬೇಕು. ಶವ ಮುಂದಿಟ್ಟುಕೊಂಡೇ ಪೂಜೆ ಮುಗಿಸಿ, ಆಮೇಲೆ ಸುಡುವುದು ಧರ್ಮಸಭೆ ಇಷ್ಟಪಡುವ ಕ್ರಮ. ಬೆಂಕಿ ಯಾರು ಕೊಡಬೇಕು, ಕೊಡುವಾಗ ಏನು ಹೇಳಬೇಕು? ಮಣ್ಣು ಹಾಕುವಾಗ ನಮ್ಮ ನಾಲಿಗೆಯ ತುದಿಯಲ್ಲಿರುವ ಪ್ರಾರ್ಥನೆ ಚಿತೆಯ ಮುಂದೆ ಬರುವುದಿಲ್ಲ. ಮರುದಿನ ಬೂದಿ, ಎಲುಬು ಎಲ್ಲವನ್ನೂ ಒಟ್ಟಿಗೆ ಎತ್ತಿ ಸಿಮೆಟರಿಗೆ ತರಬೇಕು, ಅರ್ಧ ಹೊಳೆಗೆ ಬಿಡುವ ಹಾಗಿಲ್ಲ. ಸಿಮೆಟರಿಯ ಗೋಡೆಯಲ್ಲಿ ಗೂಡುಗಳಿದ್ದರೆ ಇದಕ್ಕೂ ಆಯಿತು, ಹಳೆಯ ಗುಂಡಿ ತೆರೆದಾಗ ಸಿಗುವ ಎಲುಬಿಗೂ ಆಯಿತು. ನಾಲ್ಕು ಸಾಲು ಕೆಂಪುಕಲ್ಲಿನ ಗೋಡೆ ಕಟ್ಟುವುದು ಯಾವ ಇಗರ್ಜಿಗೂ ಮೀರಿದ ಖರ್ಚಲ್ಲ. ನಮ್ಮ ಊರಿನ ಸಭೆಯಲ್ಲಿ ಇದನ್ನು ಎತ್ತಿದ್ದೇನೆ. ಮಳೆಗಾಲಕ್ಕೆ ಮೊದಲು ತಗ್ಗಿನ ಮೂಲೆಗೆ ಚರಂಡಿ ತೋಡಿಸಲು ಒಪ್ಪಿದ್ದಾರೆ. ಗೋಡೆಯ ಮಾತು ಮುಂದಿನ ಸಭೆಗೆ ಹೋಗಿದೆ.

ಇದೆಲ್ಲ ಓದಿ ಮುಗಿಸಿದ ಮೇಲೆ ಒಂದು ಸಂಜೆ ಅಮ್ಮನ ಹತ್ತಿರ ಕೂತು ಕೇಳಿದೆ. ಕೇಳಲು ನಾಲಿಗೆ ಏಳಲಿಲ್ಲ, ಆದರೂ ಕೇಳಿದೆ. ಅಮ್ಮ ಮೀನು ಸೋಸುತ್ತಿದ್ದರು, ತಲೆ ಎತ್ತಲಿಲ್ಲ. ‘ನನ್ನನ್ನ ಮಣ್ಣಿಗೇ ಇಡಿ. ಹೊಸ ಗುಂಡಿ ಬೇಡ, ನಿನ್ನ ಅಪ್ಪನದನ್ನೇ ತೆರೆಯಿರಿ. ಅವರ ಜಪಸರ ಸಿಕ್ಕರೆ ನನ್ನ ಕೈಗೆ ಹಾಕಿ’ ಎಂದರು. ಅದನ್ನು ಹಾಗೇ ಡೈರಿಯಲ್ಲಿ ಬರೆದಿಟ್ಟು, ತಂಗಿಗೂ ಫೋನ್ ಮಾಡಿ ಹೇಳಿದೆ.